ಗಂಧೆಯೆಂದುಕೊಂಡ ಹತ್ತು ನಿಮಿಷ

ಆಂಧ್ರದ ಗಡಿಯ ಹೊಳಗುಂದದ ಸುತ್ತ ಯಾರ ಮೈಮೇಲೆ ಗಂಧೆ ಎದ್ದರೂ ಕುರಿಗಾರರ ಉಚ್ಚಮ್ಮನ ಮನೆಗೇ ಬರುತ್ತಾರೆ. ಕರಿಕಂಬಳಿ ಹೊದಿಸಿ, ಅದರ ಒರಟು ಅಂಚಿನಿಂದ ಮೈ ತಿಕ್ಕಿದರೆ ದದ್ದು ಇಳಿಯಲೇಬೇಕು. ಇಳಿಯದಿದ್ದರೆ ಅದು ರೋಗಿಯ ತಪ್ಪು. ಹಾಗಂತ ಆಕೆಯೇ ಹೇಳುತ್ತಾಳೆ, ಎದುರಾಡುವ ಧೈರ್ಯ ಯಾರಿಗೂ ಇಲ್ಲ.

ಆವತ್ತು ಮನೆಯ ಹಿಂದಿನ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಸೊಸೆ ಸುಷ್ಮಿತಾಳ ಕುತ್ತಿಗೆಗೆ ಕಡಜ ಕಚ್ಚಿತು. ಅಂಗಳಕ್ಕೆ ಬರುವಷ್ಟರಲ್ಲಿ ಮೈತುಂಬ ದದ್ದು.

"ಪಿತ್ತದ ಗಂಧಿ. ಕುಂದ್ರು," ಎಂದು ಉಚ್ಚಮ್ಮ ಕಂಬಳಿ ಹೊದಿಸಿ ಬೆನ್ನು ತಿಕ್ಕತೊಡಗಿದಳು. ಬಂದು ವರ್ಷವೂ ತುಂಬದ ಈ ಹುಡುಗಿಯ ಮೇಲೆ ಆಕೆಗೆ ಜೀವ. ಆದರೆ ಬಾಯಿಬಿಟ್ಟು ಹೇಳಿದವಳಲ್ಲ.

"ಅತ್ತಿ, ಗಂಟ್ಲು ಹಿಡ್ದಂಗ ಆಗೇತಿ."

"ಸುಮ್ನಿರು, ಇಳೀತೈತಿ."

ಸುಷ್ಮಿತಾ ವಾಂತಿ ಮಾಡಿಕೊಂಡಳು. ಮತ್ತೆ "ಅತ್ತಿ" ಎಂದಳು. ದನಿ ಅವಳದಾಗಿರಲಿಲ್ಲ, ಗೊಗ್ಗರಾಗಿತ್ತು. ಉಚ್ಚಮ್ಮ ಮುಂದೆ ಬಂದು ಮುಖ ನೋಡಿದಳು. ತುಟಿ ಊದಿತ್ತು, ಉಸಿರು ಸುಯ್ಯೆನ್ನುತ್ತಿತ್ತು. ಗಂಧೆ ತೊಗಲಿನ ಮೇಲೆ ಏಳುವಂಥದ್ದು, ಉಸಿರಿಗೆ ಕೈಹಾಕುವುದಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಆಕೆ ತಿಕ್ಕುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಕಂಬಳಿ ಬಿಸಾಕಿ ಬೀದಿಗೆ ಓಡಿದಳು.

"ಅಶ್ವಿನೀ! ಓಡಿ ಬಾರವ್ವಾ! ಇದು ಗಂಧಿ ಅಲ್ಲ!"

ಎದುರು ಮನೆಯ ಅಶ್ವಿನಿ ಲಸಿಕೆ ಹಾಕುವ ನರ್ಸ್. ಚೀಲ ಸಮೇತ ಬಂದವಳು ಇದು ಜೀವಕ್ಕೇ ಎರವಾಗುವ ಅಲರ್ಜಿಯೆಂದು ಒಂದೇ ನೋಟಕ್ಕೆ ತಿಳಿದುಕೊಂಡು, ತೊಡೆಯ ಹೊರಬದಿಗೆ ಅಡ್ರಿನಲಿನ್ ಇಂಜೆಕ್ಷನ್ ಚುಚ್ಚಿ 108ಕ್ಕೆ ಫೋನ್ ಮಾಡಿದಳು. ಸುಷ್ಮಿತಾ ಏಳಲು ಹೋದಾಗ, "ಏಳಬ್ಯಾಡ, ನಡೀಬ್ಯಾಡ," ಎಂದು ಗದರಿಸಿ, ಕಾಲು ಚಾಚಿಸಿ, ಅತ್ತೆಯ ಎದೆಗೆ ಒರಗಿಸಿದಳು. ತುಸು ಹೊತ್ತಿಗೆ ಸುಯ್ಲು ತಗ್ಗಿತು. ಗಾಡಿ ಬರುವವರೆಗೂ ಉಚ್ಚಮ್ಮ ಸೊಸೆಯ ಒಂದೊಂದು ಉಸಿರನ್ನೂ ಕಾಯುತ್ತ ಕುಳಿತಳು.

ಸಂಜೆ ಆದೋನಿ ಆಸ್ಪತ್ರೆಯಲ್ಲಿ, ಸಮಯಕ್ಕೆ ಗುರುತು ಹಿಡಿದವರು ಯಾರೆಂದು ಡಾಕ್ಟರ್ ತೆಲುಗಿನಲ್ಲಿ ಕೇಳಿದರು.

"ನಮ್ಮತ್ತಿ," ಎಂದಳು ಸುಷ್ಮಿತಾ.

"ಸುಳ್ಳು ಸಾರ್," ಎಂದಳು ಉಚ್ಚಮ್ಮ. "ಹತ್ತು ನಿಮಿಷ ತಿಕ್ಕೀನಿ. ಆಕಿ ಬಾಯಿ ಮುಚ್ಚಿಸಿ ತಿಕ್ಕೀನಿ. ಬರ್ಕೊಳ್ರಿ."

ವಾರ್ಡಿನವರೆಲ್ಲ ತಿರುಗಿ ನೋಡಿದರು. ತಪ್ಪೊಪ್ಪಿ ರೂಢಿಯಿಲ್ಲದ ಹೆಂಗಸು, ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ನೆಲ ನೋಡಿದಳು. ಡಾಕ್ಟರ್ ಬೈಯಲಿಲ್ಲ. ದದ್ದಿನ ಜೊತೆ ಉಸಿರು, ದನಿ ಕೆಟ್ಟರೆ, ತಲೆ ಸುತ್ತಿದರೆ ಒಂದು ನಿಮಿಷವೂ ಕಾಯಬಾರದು ಎಂದಷ್ಟೇ ಹೇಳಿ ಹೋದರು.

ಸುಷ್ಮಿತಾ ಸಲೈನ್ ಇಲ್ಲದ ಕೈಯಿಂದ ಅತ್ತೆಯ ಬೆರಳು ಹಿಡಿದಳು. "ನೀವು ಯಾರಿಗೂ ಸೋಲೋರಲ್ಲ ಅತ್ತಿ. ನನಗೋಸ್ಕರ ಸೋತ್ರಿ."

ಉಚ್ಚಮ್ಮನಿಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಮಂಚಕ್ಕೆ ಇನ್ನಷ್ಟು ಸರಿದು ಕುಳಿತಳು.

"ಇನ್ನ ಮ್ಯಾಗ ನೀ ಮಾತಾಡು ತಾಯಿ," ಎಂದಳು. "ನಾ ಕೇಳ್ತೀನಿ."