ತಂತಿಗೆ ತೂಗಿದ ಕಬ್ಬಿಣ

ಊರ ಮೆಕ್ಯಾನಿಕ್ ಕಿರ್ಚೊ ಮಾವ ಮುಖ ನೋಡಿ ಮಾತಾಡಿದ್ದರೆ ಸ್ಮಿಲೆನಾ ಬಹುಶಃ ನಂಬಿಬಿಡುತ್ತಿದ್ದಳು. ಆದರೆ ಅವನು ಚಿಂದಿಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ, ಗ್ಯಾರೇಜಿನಾಚೆ ಒಣಗಲು ಕಟ್ಟಿದ್ದ ಹೊಗೆಸೊಪ್ಪಿನ ಕಡೆ ನೋಡುತ್ತಾ ಮಾತಾಡಿದ.

"ಹೊಸಾದೇ ಕಣಮ್ಮ. ಪ್ಲೊವ್ದಿವ್‌ ಪಟ್ಟಣದಿಂದ ತರಿಸಿದ್ದು."

ಬೆಂಚಿನ ಮೇಲೆ ಕಪ್ಪಗೆ ಹೊಳೆಯುತ್ತಿದ್ದುದು ಸ್ಟೀರಿಂಗ್ ನಕಲ್; ಮುಂದಿನ ಚಕ್ರವನ್ನು ಹಿಡಿದು ಅತ್ತಿತ್ತ ತಿರುಗಿಸುವ ಎರಕದ ತುಂಡು. ಗುರುವಾರ ಅವಳು ತನ್ನ ಮಿನಿವ್ಯಾನ್ ತಂದು ಬಿಟ್ಟಾಗ ನಕಲ್‌ಗೆ ಏನೂ ಆಗಿರಲಿಲ್ಲ. ತಿರುವುಗಳಲ್ಲಿ ಎಡಚಕ್ರ ಟಕಟಕ ಅನ್ನುತ್ತಿತ್ತು, ಕೆಳಗಿನ ಒಂದು ಸಣ್ಣ ಜಾಯಿಂಟ್ ಬದಲಿಸಬೇಕಿತ್ತು, ಅಷ್ಟೇ. ಸಂಜೆ ಅವನೇ ಫೋನ್ ಮಾಡಿ, ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಸುತ್ತಿಗೆಯಿಂದ ಬಡಿದಾಗ ನಕಲ್‌ನ ಬೋಲ್ಟು ತೂರುವ ಕಿವಿಯೇ ಮುರಿಯಿತು ಎಂದಿದ್ದ. ಮುರಿಯಿತೋ, ಮುರಿದನೋ. ಎರಡು ದಿನದಿಂದ ಆ ಪ್ರಶ್ನೆ ಅವಳ ಗಂಟಲಲ್ಲೇ ಕುಳಿತಿತ್ತು. ಜೋರಾಗಿ ಮಾತಾಡುವವರ ಎದುರು ಅವಳಿಗೆ ಯಾವ ಪ್ರಶ್ನೆಯೂ ಸುಲಭಕ್ಕೆ ಹೊರಬರುತ್ತಿರಲಿಲ್ಲ.

ಇವತ್ತು ಶನಿವಾರ. ಸೋಮವಾರ ಬೆಳಗಿನ ಐದಕ್ಕೆ ಏಳು ಹೆಂಗಸರು ಊರ ಬುಗ್ಗೆಯ ಹತ್ತಿರ ಕಾದಿರುತ್ತಾರೆ. ಅವರನ್ನು ಕಣಿವೆ ದಾಟಿಸಿ ಹೊಲಿಗೆ ಕಾರ್ಖಾನೆಗೆ ಮುಟ್ಟಿಸಬೇಕು. ಎರಡನೇ ತಿರುವು ಬರುವಷ್ಟರಲ್ಲಿ ಏಳೂ ಜನ ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆ ಹೋಗಿರುತ್ತಾರೆ. ಎಚ್ಚರ ಇರುವವಳು ಅವಳೊಬ್ಬಳೇ. ಎಡಗಡೆ ತಡೆಗೋಡೆ ಇಲ್ಲದ ತಿರುವುಗಳೇ ಹನ್ನೊಂದು.

"ಆಲೂಗಡ್ಡೆ ಪಟಾಟ್ನಿಕ್ ಆರಿಹೋಗ್ತಿದೆ!" ಎಂದು ಮನೆಯೊಳಗಿಂದ ಕಿರ್ಚೊನ ಹೆಂಡತಿ ಕೂಗಿದಳು.

"ಬಾ, ಒಂದು ತುಂಡು ತಿನ್ನು," ಎಂದ ಕಿರ್ಚೊ.

"ಹಸಿವಿಲ್ಲ ಮಾವ."

"ನಿನಗೆ ಯಾವಾಗ ಹಸಿವಿತ್ತು ಹೇಳು," ಎನ್ನುತ್ತಾ ಅವನು ಒಳಗೆ ಹೋದ.

ಅವಳು ನಕಲ್ ಮುಟ್ಟಿ ನೋಡಿದಳು. ಬೆರಳಿಗೆ ಬಣ್ಣ ಅಂಟಿತು. ಹೊಸ ಸಾಮಾನಿಗೆ ಹಸಿ ಬಣ್ಣ ಯಾಕೆ? ಉಗುರಿನಿಂದ ಕೆರೆದರೆ ಕೆಳಗೆ ಹಳದಿ ಮೇಣದ ಬಳಪದಲ್ಲಿ ಬರೆದ ಅಂಕಿಗಳು. ಗುಜರಿಯವರ ಗುರುತು.

ಅವಳ ಕೈ ತಾನಾಗಿಯೇ ತಂತಿ ಹುಡುಕಿತು. ಅವಳ ಅಪ್ಪ ನಲವತ್ತು ವರ್ಷ ಕುರಿಗಂಟೆ ಮಾಡಿದವನು. ಒಂದೊಂದು ಗಂಟೆಯನ್ನೂ ಬಾಗಿಲ ಚೌಕಟ್ಟಿಗೆ ತೂಗುಹಾಕಿ, ಕೊಳ್ಳಲು ಬಂದ ಕುರುಬನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಮೂರು ಸಲ ಬಡಿಯುತ್ತಿದ್ದ. ಬಡಿಯುವವನ ಮುಖ ನೋಡಬಾರದು, ಸದ್ದಿನ ಬಾಲ ಮುಗಿಯುವವರೆಗೆ ಬಾಯಿ ತೆಗೆಯಬಾರದು. ಅದು ಅವನ ಅಂಗಡಿಯ ಕಟ್ಟಳೆ; ಬಿರುಕಿದ್ದರೆ ಆ ಬಾಲದಲ್ಲೇ ಗೊತ್ತಾಗುತ್ತದೆ ಎನ್ನುತ್ತಿದ್ದ. ಈಗ ಅವನ ಕಿವಿ ಹೋಗಿದೆ.

ನಕಲ್ ಅನ್ನು ತೊಲೆಗೆ ತೂಗುಹಾಕಿ ಸ್ಪ್ಯಾನರಿನಿಂದ ಬಡಿದಳು. ದೊಪ್. ಒದ್ದೆ ಕಟ್ಟಿಗೆಯ ಸದ್ದು.

"ಏನಮ್ಮ, ನನ್ನ ಗ್ಯಾರೇಜಲ್ಲಿ ಚರ್ಚು ಶುರು ಮಾಡಿದ್ಯಾ?" ಕಿರ್ಚೊ ಬಾಯಿ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದ.

"ಸತ್ತ ಸದ್ದು ಬರ್ತಿದೆ ಮಾವ."

"ಬೇರಿಂಗ್ ಒಳಗೇ ಇದೆಯಲ್ಲ. ಬಾಯಿಗೆ ಬ್ರೆಡ್ಡು ತುರುಕಿ ಹಾಡು ಅಂದ್ರೆ ನೀನು ಹಾಡ್ತೀಯಾ?"

ಮಾತು ಸರಿಯೇ. ಅವಳ ಕಿವಿ ಕೆಂಪಾಯಿತು. ಅಷ್ಟಕ್ಕೇ ಸುಮ್ಮನಾಗಿಬಿಡಬಹುದಿತ್ತು. ಅವಳು ಬಣ್ಣ ಅಂಟಿದ ಬೆರಳನ್ನು ಎತ್ತಿ ತೋರಿಸಿದಳು.

ಕಿರ್ಚೊ ಬೆರಳನ್ನು ನೋಡಿದ, ಮತ್ತೆ ಹೊಗೆಸೊಪ್ಪನ್ನು ನೋಡಿದ. "ಗುಜರೀದು," ಎಂದ ಕೊನೆಗೆ. "ಹೊಸಾದು ಬರೋಕೆ ಹತ್ತು ದಿನ ಅಂದ್ರು. ನಿನಗೆ ಸೋಮವಾರಕ್ಕೆ ಬೇಕು. ಹಳೇದು ಅಂದಿದ್ರೆ ಒಪ್ತಿದ್ಯಾ? ಚೆನ್ನಾಗೇ ಇದೆ, ನಾನೇ ಆರಿಸಿ ತಂದಿದ್ದು."

"ಬೇರಿಂಗ್ ತೆಗೀರಿ."

"ಒತ್ತಿ ತೆಗೆದ್ರೆ ಅದು ಕೆಲಸಕ್ಕೆ ಬರಲ್ಲ."

"ಬರದೇ ಇರ್ಲಿ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಅವನು ಗೊಣಗುತ್ತಲೇ ಪ್ರೆಸ್ಸಿಗೆ ಹಾಕಿ ಬೇರಿಂಗ್ ತೆಗೆದ. ಖಾಲಿ ನಕಲ್ ಅನ್ನು ತಂತಿಗೆ ಕಟ್ಟಿದ. ಸ್ಮಿಲೆನಾ ಬೆನ್ನು ತಿರುಗಿಸಿ ನಿಂತಳು.

ಅವನು ಬಡಿದ. ಈ ಸಲ ಕಬ್ಬಿಣ ಉಲಿಯಿತು, ದುಂಡಗೆ, ಇಡೀ ಗ್ಯಾರೇಜಿಗೆ ಕೇಳುವಂತೆ.

"ಕೇಳಿಸ್ತಾ? ಗಂಟೆ ಕಣಮ್ಮ, ಗಂಟೆ."

ಹೂಂ ಅನ್ನಲು ಅವಳಿಗೂ ಆಸೆಯಾಯಿತು. ಆದರೆ ಸದ್ದಿನ ಬಾಲದಲ್ಲಿ ಏನೋ ಇತ್ತು. ಗಾಜಿನ ಲೋಟದಡಿ ಸಿಕ್ಕಿಬಿದ್ದ ನೊಣದಂಥದ್ದು.

"ಇನ್ನೊಂದು ಸಲ."

ಮತ್ತೆ ಅದೇ ನೊಣ.

"ಬಿರುಕಿದೆ ಮಾವ."

"ನಿಮ್ಮಪ್ಪನ ಕಿವಿ ಹೋಗಿ ಆರು ವರ್ಷ ಆಯ್ತು. ಈಗ ನಿನ್ನ ಸರದೀನಾ?"

"ಸೀಮೆಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣ ಬಳೀರಿ. ಬಿರುಕಿದ್ರೆ ಎಣ್ಣೆ ಹೊರಗೆ ಬರತ್ತೆ."

"ನನಗೇ ಹೇಳಿಕೊಡ್ತೀಯಾ," ಎಂದನಾದರೂ ಮಾಡಿದ. ಬಣ್ಣ ತೊಳೆದ, ಎಣ್ಣೆ ಹಚ್ಚಿ ಬಿಟ್ಟ, ಒರೆಸಿದ, ಸುಣ್ಣದ ಪುಡಿ ಬಳಿದ. ಇಬ್ಬರೂ ಕಾದರು. ಸ್ಮಿಲೆನಾ ಕಬ್ಬಿಣವನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡಿದಳು. ಇವನಿಗೆ ಮೊದಲೇ ಗೊತ್ತಿತ್ತೇ? ಬಣ್ಣ ಬಳಿದದ್ದು ಹಳತನ್ನು ಮುಚ್ಚಲೋ, ಬಿರುಕನ್ನು ಮುಚ್ಚಲೋ?

ಅವನ ತುಟಿ ಸ್ವಲ್ಪ ತೆರೆಯಿತು. ಆಮೇಲೆ ಅವಳೂ ನೋಡಿದಳು. ಬೆಳ್ಳನೆ ಸುಣ್ಣದ ಮೇಲೆ, ಜಾಯಿಂಟ್ ಕೂರುವ ತೂತಿನಿಂದ ಮೇಲಕ್ಕೆ, ಕೂದಲೆಳೆಯಷ್ಟು ಸಣ್ಣ ಒದ್ದೆ ಗೆರೆ.

ಕಿರ್ಚೊ ಹಳೆಯ ಟೈರಿನ ಮೇಲೆ ಕುಸಿದು ಕುಳಿತ. "ನಮ್ಮ ದೊನ್ಕಾನೂ ನಿನ್ನ ಗಾಡೀಲೇ ಬರ್ತಾಳಲ್ಲ," ಎಂದ ಸಣ್ಣ ದನಿಯಲ್ಲಿ. ದೊನ್ಕಾ ಅವನ ತಂಗಿ. ಹಿಂದಿನ ಸೀಟಿನ ಮೂಲೆಯಲ್ಲಿ ಬಾಯಿ ತೆರೆದು ಮಲಗುವವಳು.

ತಂಗಿಯನ್ನು ಕೂರಿಸುವ ಗಾಡಿಗೆ ಗೊತ್ತಿದ್ದೂ ಯಾರು ಇಂಥದ್ದನ್ನು ಹಾಕುತ್ತಾರೆ? ಹಾಗೆಂದುಕೊಂಡ ಮರುಕ್ಷಣವೇ, ಸಿಕ್ಕಿಬಿದ್ದವನು ತಂಗಿಯ ಹೆಸರನ್ನೇ ಅಲ್ಲವೇ ಮೊದಲು ತೆಗೆಯುವುದು ಅನ್ನಿಸಿತು. ಎರಡರಲ್ಲಿ ಯಾವುದು ನಿಜ ಎಂದು ಅವಳಿಗೆ ತಿಳಿಯಲಿಲ್ಲ.

ಅವನು ಎದ್ದು ಗೇಟಿನ ಹತ್ತಿರ ನಿಂತಿದ್ದ ತನ್ನದೇ ಮಿನಿವ್ಯಾನಿನ ಕಡೆ ನಡೆದ. ಅವಳದ್ದರ ಜೊತೆಯದು, ಅದೇ ಮಾಡೆಲ್ಲು, ಅದೇ ವರ್ಷದ್ದು. ಒಳಗಿದ್ದ ಆಲೂಗಡ್ಡೆ ಮೂಟೆಗಳನ್ನು ಒಂದೊಂದಾಗಿ ಇಳಿಸಿ, ಎಡಗಡೆ ಜಾಕ್ ಇಟ್ಟ.

"ಏನ್ ಮಾಡ್ತಿದೀರಿ?"

"ನಂದು ಹತ್ತು ದಿನ ನಿಂತ್ರೆ ಯಾರೂ ಸಾಯಲ್ಲ."

ಚಕ್ರ ಬಿಚ್ಚಿ, ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಈ ಸಲ ಸುತ್ತಿಗೆ ಮುಟ್ಟದೆ, ಕಾಯಿಸಿ ಕಾಯಿಸಿ ಬಿಡಿಸಿದ. ನಕಲ್ ಹೊರಬಂದು ಬೇರಿಂಗ್ ಕಳಚುವಷ್ಟರಲ್ಲಿ ಬಿಸಿಲು ಗೋಡೆ ಹತ್ತಿತ್ತು. ಹೊಸ ಬೇರಿಂಗಿನ ಡಬ್ಬಿಯನ್ನು ಅವನು ಬೆಂಚಿನ ಮೇಲಿಟ್ಟಾಗ ಸ್ಮಿಲೆನಾ ಅದರ ಸೀಲು ಒಡೆದಿಲ್ಲವೇ ಎಂದು ತಿರುಗಿಸಿ ನೋಡಿದಳು. ನೋಡಿದ್ದನ್ನು ಅವನೂ ನೋಡಿದ.

ನಕಲ್ ಎತ್ತಿಕೊಂಡು ಅವನು ಪ್ರೆಸ್ಸಿನ ಕಡೆ ಹೊರಟಾಗ ಅವಳು ದಾರಿಗೆ ಅಡ್ಡ ಬಂದಳು. ಕೈಯಲ್ಲಿ ತಂತಿ ಇತ್ತು.

"ಇದು ನನ್ನ ಗಾಡೀದು ಕಣೇ. ಹನ್ನೊಂದು ವರ್ಷದಿಂದ ಇದರ ಮೇಲೇ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ತಿರುಗಿದೀನಿ."

"ಗೊತ್ತು ಮಾವ. ತೂಗುಹಾಕಿ."

ಬೈಯುತ್ತಾನೆ ಎಂದುಕೊಂಡಳು. ಅವನು ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ತಂತಿ ಇಸಿದುಕೊಂಡು, ತೊಲೆಗೆ ಕಟ್ಟಿದ. ಅವಳು ಬೆನ್ನು ತಿರುಗಿಸಿ ಕಣ್ಣು ಮುಚ್ಚಿದಳು.

ಸದ್ದು ಎದ್ದಿತು, ಉದ್ದಕ್ಕೆ ಸಾಗಿತು, ತೆಳುವಾಯಿತು, ಹೊಗೆಸೊಪ್ಪಿನಾಚೆ ಎಲ್ಲೋ ಇಳಿದು ಹೋಯಿತು. ನೊಣ ಇರಲಿಲ್ಲ.

"ಸಾಕಾ?" ಎಂದ ಕಿರ್ಚೊ.

"ಇನ್ನೂ ಎರಡು ಸಲ," ಎಂದಳು ಸ್ಮಿಲೆನಾ, ಬೆನ್ನು ತಿರುಗಿಸಿಯೇ.