ಲಕ್ಷದ ಮೇಲೊಂದು ಬತ್ತಿ

ತ್ರಿವಿಕ್ರಮಾಚಾರ್ಯರ ತೋರುಬೆರಳು ಸದಾ ಆಕಾಶ ನೋಡುತ್ತಿತ್ತು. ಊಟ ಹೇಗಿತ್ತೆಂದು ಕೇಳಿದರೂ ಮೊದಲು ಬೆರಳು ಏಳುತ್ತಿತ್ತು, ಆಮೇಲೆ ಮಾತು. ಊರು ಅದನ್ನೇ ಪಾಂಡಿತ್ಯವೆಂದು ತಿಳಿದಿತ್ತು.

ಆ ವರ್ಷ ಲಕ್ಷಬತ್ತಿಗೆ ಹತ್ತಿ ಕೊಟ್ಟವರು ಸರ್ವಮಂಗಳಮ್ಮ. ಅವರ ಜಗಲಿಯಲ್ಲೇ ಕೂತು, ಒಬ್ಬೊಬ್ಬರು ಒಂದೊಂದು ಬುಟ್ಟಿ ಹಿಡಿದು ನಾವು ಬತ್ತಿ ಹೊಸೆದೆವು. ನಮ್ಮೂರಿನ ಪದ್ಧತಿ ಹೀಗಿತ್ತು: ಬತ್ತಿಗಳು ಹೊಸೆದವರಿಗೆಲ್ಲ ಸಮನಾಗಿ ಹಂಚಿಹೋದರೆ ಪ್ರತಿಯೊಬ್ಬಳೂ ತನ್ನ ಪಾಲನ್ನು ತುಪ್ಪದಲ್ಲಿ ನೆನೆಸಿ, ತನ್ನವರ ಹೆಸರು ಹೇಳಿ ಹಚ್ಚಬಹುದು. ಒಂದೇ ಒಂದು ಮಿಕ್ಕರೂ ಅಷ್ಟನ್ನೂ ಹತ್ತಿ ಕೊಟ್ಟವರೇ ಹಚ್ಚಬೇಕು. ನನ್ನ ಚಿಕ್ಕಮ್ಮ ಬೆರಳಿನ ಚರ್ಮ ಸುಲಿಯುವವರೆಗೆ ಹೊಸೆದದ್ದು ಮಗಳು ಇಂದುಮತಿಗಾಗಿ. ಇಂದುವಿನ ಎರಡು ಕೂಸುಗಳು ಹುಟ್ಟಿದ ವಾರದಲ್ಲೇ ಹೋಗಿದ್ದವು. ಈಗ ಮೂರನೆಯದಕ್ಕೆ ದಿನ ತುಂಬಿತ್ತು.

ಕೊನೆಯ ದಿನ ಬೆಳಿಗ್ಗೆ ಸರ್ವಮಂಗಳಮ್ಮ ಆಚಾರ್ಯರನ್ನು ಕರೆತಂದರು. ಹೊಸೆದವರು ಹತ್ತು ಜನ, ತಲೆಗೆ ಹತ್ತು ಸಾವಿರ ಎಂಬುದು ಅವರಿಗೆ ನುಂಗಲಾರದ ತುತ್ತಾಗಿತ್ತು.

ಬೆರಳು ಎದ್ದಿತು. "ಲಕ್ಷ ಅನ್ನೋದು ಬಡಪಾಯಿ ಸಂಖ್ಯೆ ತಾಯಿ, ಯಾರು ಕೇಳಿದ್ರೂ ಪಾಲು ಕೊಡತ್ತೆ."

ಮೂವರು ಕೇಳಿದರೆ ಕೊಡುವುದಿಲ್ಲ ಎಂಬುದು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಗೊತ್ತಿತ್ತು.

"ಅದರ ಮೇಲೆ ಒಂದು ಇಡಿ. ಎರಡರಿಂದ ಹತ್ತರವರೆಗೆ ನಾನೇ ಭಾಗಿಸಿ ನೋಡಿದೀನಿ. ಒಂದಕ್ಕೂ ಬಗ್ಗಲ್ಲ. ಅಖಂಡ ಸಂಖ್ಯೆ!"

"ಹತ್ತರ ಆಚೆಗೆ, ಆಚಾರ್ರೇ?" ಎಂದಳು ಚಿಕ್ಕಮ್ಮ.

"ಹತ್ತರ ಆಚೆ ಏನಿದೆಯಮ್ಮ? ಇವೇ ಅಂಕಿಗಳು ವೇಷ ಹಾಕ್ಕೊಂಡು ಬರ್ತವೆ. ನೀನು ಹತ್ತಿ ನೋಡ್ಕೋ."

ಸರ್ವಮಂಗಳಮ್ಮ ಮಿಕ್ಕಿದ್ದ ಬತ್ತಿಗಳಿಂದ ಒಂದನ್ನು ಎತ್ತಿ ರಾಶಿಯ ಮೇಲಿಟ್ಟು ನಕ್ಕರು. ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸರ್ವಮಂಗಳಮ್ಮ ಎಣಿಸಿದ ಹತ್ತರಲ್ಲಿ ನಾನಿರಲಿಲ್ಲ. ಬಾಗಿಲ ಮೂಲೆಯಲ್ಲಿ ಮಾತಿಲ್ಲದೆ ಹೊಸೆಯುತ್ತಿದ್ದ ನನ್ನನ್ನು ನೀರು ಕೊಡಲು ಬಂದವಳೆಂದು ತಿಳಿದಿದ್ದರು. ಲಕ್ಷ ಹತ್ತಕ್ಕೆ ಸರಿಹೋಗುತ್ತಿತ್ತಾದ್ದರಿಂದ ನಾನೂ ಸುಮ್ಮನಿದ್ದೆ, ಚಿಕ್ಕಮ್ಮನೂ. ಈಗ ಇದ್ದಿಲಿನಿಂದ ನೆಲದ ಮೇಲೆ ಭಾಗಾಕಾರ ಮಾಡಿದೆ. ಹನ್ನೊಂದೊಂಬತ್ತಲೆ ತೊಂಬತ್ತೊಂಬತ್ತು, ಉಳಿದದ್ದು ಒಂದು. ಮತ್ತೆ ತೊಂಬತ್ತೊಂಬತ್ತು, ಮತ್ತೆ ಒಂದು. ಕೊನೆಗೆ ಆಚಾರ್ಯರು ಸೇರಿಸಿದ ಒಂದು ಕೆಳಗಿಳಿದು ಆ ಒಂದರ ಪಕ್ಕ ಕೂತಿತು. ಹನ್ನೊಂದು. ಶೇಷ ಸೊನ್ನೆ.

"ಬುಟ್ಟಿ ಎಣಿಸಿ," ಎಂದೆ. "ಹನ್ನೊಂದಿವೆ. ಒಂದು ನನ್ನದು. ತಲೆಗೆ ಒಂಬತ್ತು ಸಾವಿರದ ತೊಂಬತ್ತೊಂದು."

ಆಚಾರ್ಯರು ಬಗ್ಗಿ ನೆಲ ನೋಡಿದರು. ತುಟಿಯಲ್ಲೇ ಮಗ್ಗಿ ಹೇಳಿಕೊಂಡರು. ಬೆರಳು ಅರ್ಧಕ್ಕೆ ಎದ್ದು, ಅಲ್ಲಿಂದ ಕಿವಿ ತುರಿಸಲು ಹೋಯಿತು.

"ತೆಗೀರಿ ಆ ಒಂದನ್ನ!" ಎಂದರು ಸರ್ವಮಂಗಳಮ್ಮ.

"ರಾಶಿಗೆ ಸೇರಿದ್ದನ್ನ ತೆಗೆಯೋ ಪದ್ಧತಿ ಇಲ್ಲ ಕಣ್ರೀ," ಎಂದಳು ಚಿಕ್ಕಮ್ಮ. "ಬೇಕಾದ್ರೆ ಆಚಾರ್ರನ್ನೇ ಕೇಳಿ. ಅಖಂಡ ಅಂದ್ರಲ್ಲ."

ಮಧ್ಯಾಹ್ನ ಅಂಗಳದಲ್ಲಿ ಹನ್ನೊಂದು ಮಣ್ಣಿನ ಬೋಗುಣಿಗಳನ್ನು ಇಟ್ಟೆವು. ಇಂದುಮತಿಗೆ ಬಗ್ಗಲು ಆಗುತ್ತಿರಲಿಲ್ಲ. ಚಿಕ್ಕಮ್ಮ ತನ್ನದನ್ನು ಸ್ಟೂಲಿನ ಮೇಲೆ ಎತ್ತಿಟ್ಟು, ಮಗಳ ಹೆಸರನ್ನು ಬೀದಿಗೆ ಕೇಳುವಂತೆ ಹೇಳಿದಳು. ಇಂದುಮತಿಯೇ ಹಚ್ಚಿದಳು. ಆ ಬಿಸಿಲಿನಲ್ಲಿ ಉರಿ ಕಣ್ಣಿಗೆ ಕಾಣುತ್ತಿರಲಿಲ್ಲ. ಅವಳ ಹೊಟ್ಟೆಯ ಎದುರು ಗಾಳಿ ಮಾತ್ರ ಸಣ್ಣಗೆ ನಡುಗುತ್ತಿತ್ತು.