ಮೂರು ವರ್ಷ ಮುಟ್ಟದ ಪಾಲಿಸಿ

ತಾನೇ ಮಾಡಿದ ಬಾಗಿಲ ಚೌಕಟ್ಟಿಗೆ ತಾನೇ ಭುಜ ಬಡಿದುಕೊಳ್ಳುವ ಬಡಗಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡು ಕಿಸಕ್ಕನೆ ನಕ್ಕಿದ್ದೇನೆ ಕೂಡ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನನ್ನದು ಔಷಧಿ ಅಂಗಡಿ. ಪಕ್ಕದ್ದೇ ನಾನು ಮಾವ ಎಂದು ಕರೆಯುವ ಬಡಗಿಯ ಮರಗೆಲಸದ ಅಂಗಡಿ. ಅವರ ವಯಸ್ಸು ಅರವತ್ತೆಂಟು, ಕೈ ಇನ್ನೂ ಗಟ್ಟಿ. ಆದರೆ ಕೆಲವು ತಿಂಗಳಿಂದ ಎಡಗಡೆ ಇಟ್ಟ ಟೀ ಲೋಟವೆಲ್ಲ ಅವರ ಮೊಣಕೈ ತಾಗಿ ಉರುಳುತ್ತಿತ್ತು. ವಾರಕ್ಕೊಮ್ಮೆ ಭುಜದ ನೋವಿನ ಮುಲಾಮಿಗೆ ಬರುತ್ತಿದ್ದರು. "ಮಾವ, ಬಾಗಿಲು ಚಿಕ್ಕದಾಯ್ತೋ, ನೀವು ದೊಡ್ಡವರಾದ್ರೋ?" ಎಂದು ನಾನು ರೇಗಿಸುತ್ತಿದ್ದೆ. ಅವರ ಹೆಂಡತಿ, ನಾನು ಅತ್ತೆ ಎನ್ನುವವರು, ಬ್ರೆಡ್ಡನ್ನೂ ಟೀಯಲ್ಲಿ ಅದ್ದದೆ ತಿನ್ನಲಾರದ ಸ್ಥಿತಿಗೆ ಬಂದಿದ್ದರು. ಹಲ್ಲುನೋವಿನ ಮಾತ್ರೆ ಕೊಡುತ್ತಿದ್ದವಳೂ ನಾನೇ.

ಒಂದು ಬೆಳಿಗ್ಗೆ ಅವರ ಮಗಳು ಕವರ್ ಹಿಡಿದು ಬಂದಳು. ಹಿಂದೆಯೇ ಮಾವ.

"ಅಕ್ಕ, ಅಪ್ಪ ಅಮ್ಮಂದು ಹಲ್ಲು-ಕಣ್ಣಿನ ಪಾಲಿಸಿ. ಈ ತಿಂಗಳು ರಿನ್ಯೂ ಮಾಡಿಸ್ಬೇಕು. ಅಪ್ಪ ಬೇಡ ಅಂತಾರೆ."

"ಮತ್ತೇನಮ್ಮ?" ಎಂದರು ಮಾವ. "ಮೂರು ವರ್ಷದಿಂದ ಒಂದ್ಸಲಾನೂ ಮುಟ್ಟಿಲ್ಲ. ಆಸ್ಪತ್ರೆ ಪಾಲಿಸಿ ಬೇರೆ ಇದ್ಯಲ್ಲ, ಅಷ್ಟೇ ಸಾಕು."

"ಅದ್ರಲ್ಲಿ ಕನ್ನಡಕ, ಹಲ್ಲಿನ ಸೆಟ್ಟು ಇರುತ್ತಾ ಅಂತ ನೋಡಿದೀರಾ?" ಎಂದು ನಾನು ಕೇಳಿದೆ.

"ಇರದೆ ಏನು? ಕಣ್ಣು, ಹಲ್ಲು ಮೈಯಲ್ಲೇ ತಾನೇ ಇರೋದು!"

"ಮೈಯಲ್ಲಿರುತ್ತೆ ಮಾವ, ಎಷ್ಟೋ ಆಸ್ಪತ್ರೆ ಪಾಲಿಸೀಲಿ ಇರಲ್ಲ."

ಕವರ್ ಬಿಚ್ಚಿ ಓದಿದೆ. ಮೂರನೇ ಪುಟಕ್ಕೆ ಬಂದಾಗ ಮಾವನ ಎಡಗಡೆ ಉರುಳುತ್ತಿದ್ದ ಟೀ ಲೋಟಗಳು ನೆನಪಾದವು. ವರ್ಷಕ್ಕೊಂದು ಕಣ್ಣಿನ ಪರೀಕ್ಷೆ, ಎರಡು ಸಲ ಹಲ್ಲಿನ ತಪಾಸಣೆ. ಎಲ್ಲವೂ ಉಚಿತ.

"ಮಾವ! ಇದನ್ನ ಯಾಕೆ ಮಾಡಿಸ್ಲಿಲ್ಲ?"

"ಕಣ್ಣಿಗೆ ನೋವಿರ್ಲಿಲ್ಲ, ಹಲ್ಲಿಗೆ ನಿನ್ನ ಮಾತ್ರೆ ಇತ್ತು. ದೊಡ್ಡದೇನಾದ್ರೂ ಬಂದಾಗ ಆಗ್ಲಿ ಅಂತ ಹಾಗೇ ಉಳಿಸಿದ್ವಿ. ಮೂರು ವರ್ಷದ್ದೂ ಸೇರಿಸಿ ಕೊಡ್ತಾರಲ್ಲ?"

"ಇಲ್ಲ ಮಾವ. ಆ ವರ್ಷದ್ದು ಆ ವರ್ಷಕ್ಕೇ ಮುಗೀತು."

ಮಗಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಈ ವರ್ಷದ ಅವಧಿ ಮುಗಿಯಲು ಇನ್ನು ಹನ್ನೊಂದೇ ದಿನ. ನಾನು ಅಂಗಡಿ ಬಾಗಿಲು ಎಳೆದೆ. ಮೂವರೂ ಕಣ್ಣಿನ ಕ್ಲಿನಿಕ್ಕಿಗೆ ಹೊರಟೆವು.

ಅಲ್ಲಿ ಡಾಕ್ಟರಮ್ಮ ಮಾವನ ಬಲಗಣ್ಣು ಮುಚ್ಚಿಸಿ, ಎಡಗಡೆಯಿಂದ ಬೆರಳು ತಂದರು. "ಕಂಡ ಕೂಡ್ಲೆ ಹೇಳಿ." ಬೆರಳು ಕಿವಿ ದಾಟಿತು, ಕೆನ್ನೆ ದಾಟಿತು. ಮಾವ ಸುಮ್ಮನಿದ್ದರು. ಅದು ಮೂಗಿನ ಎದುರಿಗೇ ಬಂದಾಗ, "ಹಾಂ, ಈಗ ಶುರು ಮಾಡಿದ್ರಿ" ಎಂದರು.

ಮಗಳು ಅಪ್ಪನನ್ನೇ ನೋಡುತ್ತ ನಿಂತುಬಿಟ್ಟಳು.

ಉಳಿದ ಪರೀಕ್ಷೆಗಳೂ ಮುಗಿದ ಮೇಲೆ ಡಾಕ್ಟರಮ್ಮ ಹೇಳಿದರು: "ಇದು ಗ್ಲಾಕೋಮಾ. ನೋವೇ ಕೊಡದೆ ಕಣ್ಣಿನ ನರ ಹಾಳು ಮಾಡುತ್ತೆ. ಎಡಗಣ್ಣಲ್ಲಿ ಹೋಗಿರೋ ನೋಟ ವಾಪಸ್ ಬರಲ್ಲ. ಬಲಗಣ್ಣಲ್ಲಿ ಈಗ ಶುರುವಾಗಿದೆ. ದಿನಾ ಡ್ರಾಪ್ಸ್ ಹಾಕ್ಕೊಂಡು, ತಪ್ಪದೆ ಬಂದು ತೋರಿಸಿದ್ರೆ ಅದನ್ನ ಉಳಿಸ್ಕೊಳ್ಳೋ ಅವಕಾಶ ಚೆನ್ನಾಗಿದೆ."

"ಮೂರು ವರ್ಷದ ಹಿಂದೇನೇ ಬಂದಿದ್ರೆ?" ಮಾವ ಕೇಳಿದರು.

"ಆಗಲೇ ಹಿಡೀಬಹುದಿತ್ತು" ಎಂದರು ಡಾಕ್ಟರಮ್ಮ. ಮಾವ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ತಾವೇ ಎಡಗಡೆ ಬೆರಳಾಡಿಸಿ ನೋಡಿದರು.

ಅಂದು ಸಂಜೆ ಏಜೆಂಟ್ ಫೋನಿನಲ್ಲಿ ಇನ್ನೊಂದು ಅಗ್ಗದ ಪಾಲಿಸಿ ಹೇಳಿದ. ಬೇಡವೆನ್ನುತ್ತಿದ್ದ ಮಾವನೇ ಈಗ ಅವನನ್ನು ಬಿಡಲಿಲ್ಲ. "ನಮ್ಮವಳಿಗೆ ಹಲ್ಲಿನ ಸೆಟ್ಟು ಈಗಲೇ ಸಿಗುತ್ತೋ, ಕಾಯಬೇಕೋ?" ಒಂದು ವರ್ಷ ಕಾಯಬೇಕಿತ್ತು. "ಈಗಾಗ್ಲೇ ಇರೋ ಕಾಯಿಲೆಗೆ?" ಅದಕ್ಕೆ ಹಣ ಕೊಡುತ್ತಿರಲಿಲ್ಲ. "ನಮ್ಮ ಡಾಕ್ಟರಮ್ಮನ ಕ್ಲಿನಿಕ್ಕು ನಿಮ್ಮ ಪಟ್ಟೀಲಿದ್ಯಾ?" ಅದೂ ಇರಲಿಲ್ಲ. ಹಳೆಯ ಪಾಲಿಸಿಯಲ್ಲಿ ಕಾಯುವ ಅವಧಿ ಎಂದೋ ಮುಗಿದಿತ್ತು. ಅದನ್ನೇ ಮುಂದುವರಿಸಿದರು. ಅತ್ತೆ, "ನಾನೂ ಉಳಿಸಿಟ್ಟಿದ್ದು ಸಾಕು" ಎನ್ನುತ್ತ ಮರುದಿನವೇ ಹಲ್ಲಿನ ಡಾಕ್ಟರ ಬಳಿ ಹೋದರು.

ಓದುತ್ತಿರುವ ನೀವು ಈ ಕಾಗದವನ್ನು ಮಡಚಿಡಬೇಡಿ. ಮನೆಯ ಹಿರಿಯರ ಪಾಲಿಸಿ ತೆಗೆಯಿರಿ. ಕಣ್ಣು, ಹಲ್ಲು ಅದರಲ್ಲಿವೆಯೇ? ಉಚಿತ ತಪಾಸಣೆ ವರ್ಷಕ್ಕೆ ಎಷ್ಟು ಸಲ? ಯಾವುದಕ್ಕೆ ಎಷ್ಟು ದಿನ ಕಾಯಬೇಕು, ಎಷ್ಟು ಹಣದವರೆಗೆ ಕೊಡುತ್ತಾರೆ, ಯಾವ ಕ್ಲಿನಿಕ್ಕಿಗೆ ಹೋಗಬೇಕು? ತಿಳಿಯದಿದ್ದರೆ ಏಜೆಂಟನ್ನು ಕೂರಿಸಿಕೊಂಡು ಕೇಳಿ, ಸಂಕೋಚ ಬೇಡ. ಪಾಲಿಸಿಯೇ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಅವರ ಕಣ್ಣು, ಹಲ್ಲು ತೋರಿಸಿ. ನೋವು ಬಂದಾಗ ನೋಡೋಣ ಎಂದು ಮಾತ್ರ ಕೂರಬೇಡಿ. ಬಡಗಿ ಮಾವನ ಎಡಗಣ್ಣು ಇವತ್ತಿಗೂ ನೋಯುತ್ತಿಲ್ಲ.